ಪವನೆಯ ದಂಡೆಯಲ್ಲಿ ಒಂದು ಇರುಳು

ಮುಂಬಯಿಯಲ್ಲಿ ಬಾಳುವೆ ಮಾಡುವ ನಮ್ಮವರಿಗೆ ಆದಿತ್ಯವಾರವು ವಿಶ್ರಾಂತಿಯ ದಿನವೆಂಬುದು ಹೆಸರಿಗೆ ಮಾತ್ರ. ಆರು ದಿನ ಲೋಕಲ್ ಗಾಡಿಯಲ್ಲಿ ಜೋತಾಡಿ ದಣಿದ ಮೈಗೆ ಏಳನೆಯ ದಿನ ಮದುವೆ, ಮುಂಜಿ, ಸಂಘದ ಸಭೆ, ಊರಿನಿಂದ ಬಂದ ನೆಂಟರ ಉಪಚಾರ ಎಂದು ಬೇರೊಂದು ಬಗೆಯ ದಣಿವು ಕಾದೇ ಇರುತ್ತದೆ. ಹೀಗಿರುತ್ತ, ಕಳೆದ ಜನವರಿಯ ಒಂದು ಶನಿವಾರ ನಾಲ್ಕು ಮನೆಗಳ ಹನ್ನೊಂದು ಮಂದಿ ಕೂಡಿ, ಪವನಾ ಸರೋವರದ ದಂಡೆಯಲ್ಲಿ ಡೇರೆಯೊಳಗೆ ಒಂದು ಇರುಳನ್ನು ಕಳೆದು ಬರುವುದೆಂದು ನಿಶ್ಚಯಿಸಿದೆವು. ಹಿರಿಯರೊಬ್ಬರು, “ಊರಿನಲ್ಲಿ ಅಂಗಳದಲ್ಲಿ ಮಲಗುತ್ತಿದ್ದಾಗ ಯಾರೂ ಹಣ ಕೇಳುತ್ತಿರಲಿಲ್ಲ; ಈಗ ಬಯಲಿನಲ್ಲಿ ಮಲಗಲು ತಲೆಗಿಷ್ಟು ಎಂದು ತೆರಬೇಕಲ್ಲ!” ಎಂದು ಗೊಣಗಿದರು. ಗೊಣಗಿದವರೇ ಎಲ್ಲರಿಗಿಂತ ಮೊದಲು ಕಲ್ಯಾಣ ಸ್ಟೇಶನ್ನಿಗೆ ಬಂದು ನಿಂತಿದ್ದರೆಂಬುದನ್ನೂ ಇಲ್ಲಿ ಹೇಳಬೇಕು.

ಭೋರಘಾಟದ ರೈಲುದಾರಿಯ ವರ್ಣನೆಯನ್ನು ನಮ್ಮ ವಾಚಕರಿಗೆ ಮಾಡುವುದು ಅನಾವಶ್ಯಕ. 1863ರಲ್ಲಿ ತೆರೆದ ಈ ದಾರಿಯಲ್ಲಿ ಪುಣೆಗೆ ಹೋಗಿ ಬಾರದ ಮುಂಬಯಿ ಕನ್ನಡಿಗನು ಅಪರೂಪ. ಕರ್ಜತಿನಲ್ಲಿ ಹಿಂದಿನಿಂದ ನೂಕುವ ಇಂಜಿನುಗಳನ್ನು ಜೋಡಿಸುವಷ್ಟರಲ್ಲಿ ವಡಾ ಕೊಳ್ಳುವುದೂ, ಸುರಂಗ ಬಂದಾಗಲೆಲ್ಲ ಮಕ್ಕಳು ಕೂಗುವುದೂ ಯಥಾಪ್ರಕಾರ ನಡೆದುವು. ಲೋಣಾವಳದಲ್ಲಿ ಇಳಿದು, ಪುಣೆಯ ಕಡೆಗೆ ಹೊರಡುವ ಲೋಕಲ್ ಹಿಡಿದು ಕಾಮಶೇತಿಗೆ ಬಂದೆವು. ಅಲ್ಲಿಂದ ಮುಂದೆ ಬಾಡಿಗೆಯ ಜೀಪು. ಕಬ್ಬಿನ ತುಂಡುಗದ್ದೆಗಳು, ಕೊಯ್ಲು ಮುಗಿದ ಭತ್ತದ ಬಯಲುಗಳು, ಹೊಸದಾಗಿ ಎದ್ದ ಬಂಗಲೆಗಳ ಬಣ್ಣಬಣ್ಣದ ಗೋಡೆಗಳು ಇವನ್ನು ದಾಟಿ ಪವನಾನಗರದ ಪೇಟೆಯನ್ನು ಹಾದು ಒಂದು ತಿರುವು ಕಳೆದೊಡನೆ, ಇದ್ದಕ್ಕಿದ್ದಂತೆ ನೀರು ಕಾಣಿಸಿತು.

ಆ ನೋಟ ನಿಜಕ್ಕೂ ದೊಡ್ಡದು. ಸಹ್ಯಾದ್ರಿಯ ತೋಳುಗಳ ನಡುವೆ ನೀಲಿಯ ನೀರು ಕವಲು ಕವಲಾಗಿ ಹರಡಿಕೊಂಡಿದೆ. ಉತ್ತರಕ್ಕೆ ಲೋಹಗಡ ಮತ್ತು ವಿಸಾಪುರಗಳ ಚಪ್ಪಟೆ ನೆತ್ತಿ. ಲೋಹಗಡದಿಂದ ಚೇಳಿನ ಕೊಂಡಿಯಂತೆ ಚಾಚಿಕೊಂಡಿರುವ ಬೆಟ್ಟದ ಬಾಲಕ್ಕೆ ಮರಾಠಿಯಲ್ಲಿ ವಿಂಚೂಕಾಟಾ ಎಂದೇ ಹೆಸರು. ನೀರಿನ ಆಚೆ ದಡದಲ್ಲಿ ಮುಕ್ಕೋನಾಗಿ ನಿಂತ ತಿಕೋನಾ, ಪಡುವಲಿಗೆ ಮೊನಚಾದ ತುಂಗ್. ಈ ನಾಲ್ಕು ದುರ್ಗಗಳೂ 1665ರ ಪುರಂದರದ ಒಪ್ಪಂದದಲ್ಲಿ ಶಿವಾಜಿ ಮಹಾರಾಜರು ಮೊಗಲರಿಗೆ ಬಿಟ್ಟುಕೊಡಬೇಕಾಗಿ ಬಂದ ಇಪ್ಪತ್ತಮೂರು ಕೋಟೆಗಳ ಪಟ್ಟಿಗೆ ಸೇರಿದ್ದುವು. ಲೋಹಗಡವಂತೂ 2025ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಯಾದಿಯನ್ನು ಸೇರಿದ ಹನ್ನೆರಡು ಮರಾಠಾ ದುರ್ಗಗಳಲ್ಲಿ ಒಂದು. ಆದರೆ ಅವುಗಳ ಕೆಳಗಿನ ಸರೋವರ ಶಿವಾಜಿಯ ಕಾಲದ್ದಲ್ಲ. ನೋಡುವವರಿಗೆ ಅನಾದಿಯಿಂದ ಇದ್ದಂತೆ ತೋರುವ ಈ ನೀರು ಪವನಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ 1970ರ ದಶಕದ ಮೊದಲಲ್ಲಿ ನಿಂತದ್ದು. ಚಿಂಚವಾಡದಲ್ಲಿ ಮೋರಯಾ ಗೋಸಾವಿಯವರ ಸಮಾಧಿಯನ್ನು ತೊಳೆದು ಹರಿಯುವ ನದಿ ಇದೇ. ಆ ಮಹಾತ್ಮರ ಮನೆತನ ಬೀದರದ ಕಡೆಯಿಂದ ಬಂದುದೆಂಬ ಒಂದು ಐತಿಹ್ಯವೂ ಇದೆ. ಪಿಂಪ್ರಿ ಚಿಂಚವಾಡದ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಸಾವಿರಾರು ಕನ್ನಡಿಗರ ಕೊಡ ತುಂಬುವುದೂ ಬಹುಮಟ್ಟಿಗೆ ಈ ಅಣೆಕಟ್ಟಿನ ನೀರೇ.

ಡೇರೆಗಳ ವಿಷಯ. ಹತ್ತು ಹದಿನೈದು ವರ್ಷಗಳ ಹಿಂದೆ ಅಪರೂಪವಾಗಿದ್ದ ಈ ವ್ಯವಹಾರ ಈಗ ದಂಡೆಯುದ್ದಕ್ಕೂ ಹಬ್ಬಿಕೊಂಡಿದೆ. ಕೆಂಪು, ಹಳದಿ, ನೀಲಿ ಬಣ್ಣದ ಪುಟ್ಟ ಗುಡಾರಗಳು ಮಳೆಗಾಲದ ಅಣಬೆಗಳಂತೆ ಸಾಲುಸಾಲಾಗಿ ನಿಂತಿರುತ್ತವೆ. ನಾವು ಸ್ವತಃ ಗೂಟ ಬಡಿಯಬೇಕಾಗಿಲ್ಲ. ಹಾಸಿಗೆ, ದಿಂಬು, ಸಂಜೆಯ ಚಹಾ, ಭಜಿ, ರಾತ್ರಿಯ ಊಟ, ಬೆಳಗಿನ ಅವಲಕ್ಕಿ ಎಲ್ಲವೂ ತೆತ್ತ ಹಣದಲ್ಲಿಯೇ ಸೇರಿರುತ್ತದೆ. ನಮ್ಮ ಬಿಡಾರದ ಯಜಮಾನನು ಪುಣೆಯ ಕಡೆಯ ತರುಣ. ಹಳ್ಳಿಯವರ ಒಂದು ತುಂಡು ನೆಲವನ್ನು ಗುತ್ತಿಗೆಗೆ ಹಿಡಿದು ಈ ಉದ್ಯೋಗ ನಡೆಸುತ್ತಾನೆ. ಮಾತಿನಲ್ಲಿ ನಯವಂತ, ಅಡಿಗೆಯಲ್ಲಿ ಉದಾರಿ. ಆದರೆ ರಾತ್ರಿ ಹತ್ತರವರೆಗೆ ಗುಡುಗುಟ್ಟಿದ ಅವನ ಧ್ವನಿವರ್ಧಕದಿಂದ ಲೋಹಗಡದ ಕಲ್ಲುಗಳು ಹೇಗೆ ಉಳಿದುವೋ ದೇವರೇ ಬಲ್ಲ.

ಮಧ್ಯಾಹ್ನ ಇಳಿಯುತ್ತಿದ್ದಂತೆ ದೋಣಿವಿಹಾರಕ್ಕೆ ಹೊರಟೆವು. ಹುಟ್ಟು ಹಾಕುವ ದೋಣಿಯೂ ಇತ್ತು, ಯಂತ್ರದ ದೋಣಿಯೂ ಇತ್ತು. ಇಲ್ಲಿ ಒಂದು ಚಿಕ್ಕ ಜಗಳ ಎದ್ದಿತು. ಹನ್ನೊಂದು ಮಂದಿಗೆ ಯಜಮಾನನು ತಂದಿಟ್ಟ ಲೈಫ್ ಜಾಕೆಟ್ಟುಗಳು ಆರು. ಅವುಗಳಲ್ಲಿಯೂ ಎರಡರ ಕೊಂಡಿ ಮುರಿದಿತ್ತು. “ನೀರು ಶಾಂತವಾಗಿದೆ ಸಾಹೇಬರೇ, ಹತ್ತೇ ಮಿನಿಟಿನ ಮಾತು, ಎಲ್ಲರೂ ಹೀಗೆಯೇ ಹೋಗುತ್ತಾರೆ” ಎಂದು ಅವನ ಸಮಾಧಾನ. ನಮ್ಮೊಡನಿದ್ದ ಹೋಟೆಲಿನ ಮಾಲಿಕರು ಉಡುಪಿಯ ಕಡೆಯವರು, ಮಿತಭಾಷಿಗಳು. ಅವರು ದೋಣಿಯಿಂದ ಕೆಳಗಿಳಿದು, “ನಾಲ್ಕು ಜಾಕೆಟ್ಟಿಗೆ ನಾಲ್ಕೇ ಮಂದಿ. ಮೂರು ಸಲ ಹೋಗಿ ಬಾ. ಹಣ ಮೂರು ಸಲದ್ದು ಕೊಡುತ್ತೇನೆ” ಎಂದರು. ತರುಣರಿಗೆ ಮುಖಭಂಗವಾದಂತಾಯಿತು, ಕಾಲೇಜಿಗೆ ಹೋಗುವ ಹುಡುಗನೊಬ್ಬನು, “ನಾವು ಸ್ವರ್ಣಾ ಹೊಳೆಯಲ್ಲಿ ಈಜಿದವರಲ್ಲವೇ ಮಾಮಾ?” ಎಂದು ಕೇಳಿದನು. “ನೀನು ಈಜಿದ್ದು ಹೊಳೆಯಲ್ಲಿ, ಹಗಲಿನಲ್ಲಿ, ನಿನ್ನ ಅಜ್ಜ ದಡದಲ್ಲಿ ಕೂತಿದ್ದಾಗ” ಎಂದಿಷ್ಟೇ ಅವರ ಉತ್ತರ.

ವಾದ ಅಲ್ಲಿಗೆ ನಿಂತಿತು. ದೋಣಿಯಿಂದ ಕಂಡ ನೋಟ ಬಹಳ ಸೊಗಸಾಗಿತ್ತು. ತುಂಗ್ ದುರ್ಗದ ಮೊನೆಯ ಕಡೆಗೆ ಸೂರ್ಯ ಜಾರುತ್ತಿದ್ದಂತೆ ನೀರೆಲ್ಲ ತಾಮ್ರದ ತಗಡಿನಂತೆ ಹೊಳೆಯಿತು. ನೀರುಕಾಗೆಯೊಂದು ಮುಳುಗಿ ಎಲ್ಲಿಯೋ ಎದ್ದಿತು. ನಾಲ್ಕು ನಾಲ್ಕು ಮಂದಿಯಾಗಿ ಹೋದುದರಿಂದ ದೋಣಿಯಲ್ಲಿ ಗದ್ದಲವಿಲ್ಲದೆ ಇಬ್ಬನಿಯಂತಹ ಮೌನವೊಂದು ಸಿಕ್ಕಿತು.

ಮೂರನೆಯ ಸಲ ದೋಣಿ ಮರಳುವಷ್ಟರಲ್ಲಿ ಮಬ್ಬುಗತ್ತಲಾಗಿತ್ತು. ದೊಡ್ಡವರು ಚಹಾದ ಕಡೆಗೆ, ಹೆಂಗಸರು ಮೋಂಬತ್ತಿ ಹುಡುಕುವ ಕಡೆಗೆ ಹೋದಾಗ, ನಮ್ಮ ಪೈಕಿ ಒಂಬತ್ತು ವರುಷದ ಹುಡುಗನೊಬ್ಬನು ಚಪ್ಪಲಿ ಬಿಟ್ಟು ನೀರಿಗಿಳಿದಿದ್ದನು. ತುಂಟತನವೇನಲ್ಲ. ನೀರು ಪಾದ ಮುಳುಗುವಷ್ಟೇ ಇತ್ತು, ಹತ್ತು ಹೆಜ್ಜೆ ಹೋದರೂ ಮೊಣಕಾಲು ದಾಟಿರಲಿಲ್ಲ. ಅವನು ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಕುಪ್ಪಳಿಸಿ ಎಸೆಯುತ್ತ ಇನ್ನೂ ಮುಂದೆ ಮುಂದೆ ನಡೆಯುತ್ತಿದ್ದನು. ಆಗ ದಡದಿಂದ ಒಂದು ಕೂಗು ಕೇಳಿಸಿತು. “ಏ ಬಾಳಾ! ಥಾಂಬ್! ತಿಥೇಚ್ ಥಾಂಬ್!”

ಮಗು, ನಿಲ್ಲು, ಅಲ್ಲಿಯೇ ನಿಲ್ಲು ಎಂಬ ಆ ಮರಾಠಿ ಮಾತಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಹುಡುಗ ಕಲ್ಲಾಗಿ ನಿಂತನು. ತಲೆಗೆ ಬಿಳಿ ಟೋಪಿ, ಮೈಮೇಲೆ ಹಳೆಯ ಕಂಬಳಿ ಹೊದ್ದ ಒಬ್ಬ ಮುದುಕರು ಬಿದಿರುಕೋಲನ್ನು ಹಿಡಿದು ನೀರಿಗಿಳಿದು, ಕೋಲಿನಿಂದ ತಳವನ್ನು ತಟ್ಟುತ್ತ ತಟ್ಟುತ್ತ ಹುಡುಗನ ಬಳಿಗೆ ಹೋದರು. ಅವನ ಕೈ ಹಿಡಿದು, ತಾವು ಬಂದ ಹೆಜ್ಜೆಯಲ್ಲಿಯೇ ಹಿಂದಕ್ಕೆ ಕರೆತಂದರು. ನಾವೆಲ್ಲ ಓಡಿ ಬಂದಿದ್ದೆವು. ಮುದುಕರು ಏನೂ ಹೇಳದೆ, ಹುಡುಗ ನಿಂತಿದ್ದ ಜಾಗದಿಂದ ನಾಲ್ಕು ಮಾರು ಆಚೆಗೆ ತಮ್ಮ ಕೋಲನ್ನು ನೀಡಿ ತೋರಿಸಿದರು.

“ಅಲ್ಲಿ ನಮ್ಮ ಬಾವಿ ಇದೆ.”

ಇತ್ತು ಎನ್ನಲಿಲ್ಲ, ಇದೆ ಎಂದರು.

ನಮ್ಮ ಜೊತೆಯಲ್ಲಿದ್ದ ಬೆಳಗಾವಿಯ ಮಹಿಳೆಯೊಬ್ಬರು ಅವರನ್ನು “ಕಾಕಾ” ಎಂದು ಕರೆದು ಕೂಡಿಸಿ, ಕೈಗೆ ಚಹಾ ಕೊಟ್ಟರು. ಮೆಲ್ಲಮೆಲ್ಲನೆ ವಿಷಯ ಹೊರಬಿತ್ತು. ಈಗ ನೀರು ನಿಂತಿರುವ ಇಳುಕಲಿನಲ್ಲಿ ಇವರ ತಂದೆಯ ಹೊಲವಿತ್ತು. ಆಂಬೆಮೋಹರ ಭತ್ತ ಬೆಳೆಯುತ್ತಿದ್ದ ನೆಲ. ಬೇಸಗೆಯ ತರಕಾರಿಗೆಂದು ತಂದೆಯೂ ಚಿಕ್ಕಪ್ಪನೂ ಸೇರಿ ಕಲ್ಲು ಕಟ್ಟಿಸಿದ ಬಾವಿಯೊಂದನ್ನು ತೋಡಿಸಿದ್ದರು. ಅಣೆಕಟ್ಟಿನ ನೀರು ಏರಿದ ವರ್ಷ ಇವರಿಗೆ ಇಪ್ಪತ್ತರ ಪ್ರಾಯ. ಮನೆಯ ತೊಲೆಬಾಗಿಲುಗಳನ್ನು ಕಿತ್ತು ಎತ್ತಿನ ಗಾಡಿಯಲ್ಲಿ ಮೇಲಕ್ಕೆ ಸಾಗಿಸಿದರು. ಬಾವಿಯನ್ನು ಸಾಗಿಸುವುದು ಹೇಗೆ? ಮಳೆಗಾಲ ಕಳೆದಾಗ ಅದು ಆಳದಲ್ಲಿರುತ್ತದೆ, ಅಪಾಯವಿಲ್ಲ. ಆ ದಂಡೆ ಆಗ ಬಹಳ ಮೇಲಿರುತ್ತದೆ. ಜನವರಿಯ ಹೊತ್ತಿಗೆ ನೀರು ಇಳಿಯುತ್ತ ಬಂದು ದಂಡೆಯೂ ಬಾವಿಯೂ ಒಂದಕ್ಕೊಂದು ಹತ್ತಿರವಾಗುತ್ತವೆ. ಸುತ್ತಲೂ ಮೊಣಕಾಲುದ್ದ ನೀರು, ನಡುವೆ ನಲವತ್ತು ಅಡಿಯ ಕತ್ತಲೆ. ಮೇಲಿನಿಂದ ನೋಡಿದವರಿಗೆ ಎಲ್ಲವೂ ಒಂದೇ ನೀಲಿ.

“ಗುರುತಿಗೆ ಏನೂ ಇಡಲಿಲ್ಲವೇ ಕಾಕಾ?” ಎಂದು ಆ ಮಹಿಳೆ ಕೇಳಿದರು.

“ಪ್ರತಿವರ್ಷ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇನೆ ತಾಯೀ. ಬಂದವರು ಬೆಂಕಿ ಕಾಯಿಸುವುದಕ್ಕೆ ಕಿತ್ತುಕೊಳ್ಳುತ್ತಾರೆ. ಹೋದ ವಾರ ನೆಟ್ಟದ್ದು ಈ ಶನಿವಾರ ಇಲ್ಲ. ಅದಕ್ಕೇ ಶನಿವಾರ ಆದಿತ್ಯವಾರ ಇಲ್ಲಿ ಬಂದು ಕೂಡುತ್ತೇನೆ.”

ನಾವು ನಮ್ಮ ಮುಂದೆ ಉರಿಯುತ್ತಿದ್ದ ಬೆಂಕಿಯನ್ನು ನೋಡಿದೆವು. ಸೌದೆ ಯಜಮಾನನೇ ತರಿಸಿದ್ದು. ಅದರಲ್ಲಿ ಬಿದಿರು ಇತ್ತೋ ಇಲ್ಲವೋ ಯಾರೂ ಪರೀಕ್ಷಿಸಲಿಲ್ಲ.

ಆ ರಾತ್ರಿ ಡೇರೆಯಲ್ಲಿ ನಿದ್ದೆ ಬೇಗ ಬರಲಿಲ್ಲ. ಜನವರಿಯ ಚಳಿ ಒದ್ದೆ ನೆಲದಿಂದ ಏರಿ ಹಾಸಿಗೆಯನ್ನು ದಾಟಿ ಬೆನ್ನಿಗೆ ತಗಲುತ್ತಿತ್ತು. ಹೊರಗೆ ಬಂದು ಕೂತಾಗ ನಿಚ್ಚಳವಾದ ಆಕಾಶದಲ್ಲಿ ಮೃಗಶಿರದ ಬೇಟೆಗಾರನು ತಲೆಯ ಮೇಲಿದ್ದನು. ನಮ್ಮ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಮೈಸೂರಿನ ಕಡೆಯವರು. ಅವರು ಕನ್ನಂಬಾಡಿಯ ಮಾತು ತೆಗೆದರು. ಕಾವೇರಿಗೆ ಕಟ್ಟೆ ಕಟ್ಟಿದಾಗ ಹಳೆಯ ಕನ್ನಂಬಾಡಿ ಊರು ಮುಳುಗಿತು. ವೇಣುಗೋಪಾಲಸ್ವಾಮಿಯ ದೇವಾಲಯ ನೀರಡಿಯಾಯಿತು. ಬರಗಾಲದಲ್ಲಿ ನೀರು ಇಳಿದಾಗ ಗುಡಿ ಮೇಲೆದ್ದು ಜನ ದರ್ಶನಕ್ಕೆ ಮುಗಿಬೀಳುತ್ತಿದ್ದರು. ಕಡೆಗೆ ಈ ಶತಮಾನದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಪವನೆಗೂ ಇಂಥದೇ ಒಂದು ಗುಡಿ ಇದೆಯೆಂದು ಕಾಕಾ ಹೇಳಿದ್ದರು. ವಾಘೇಶ್ವರನದು. ವರ್ಷದ ಹೆಚ್ಚು ಕಾಲ ನೀರಿನಲ್ಲಿ ಮುಳುಗಿದ್ದು, ಬೇಸಗೆಯಲ್ಲಿ ಕೆಲವು ತಿಂಗಳು ಹೊರಗೆ ಬರುತ್ತದೆ. ದೇವರಿಗಾದರೂ ವರ್ಷಕ್ಕೊಮ್ಮೆ ಮನೆಗೆ ಮರಳುವ ಭಾಗ್ಯವಿದೆ ಎಂದು ಬ್ಯಾಂಕಿನವರು ನಿಟ್ಟುಸಿರಿಟ್ಟರು.

ಈ ಮಾವಳ ಪ್ರಾಂತಕ್ಕೆ ನೀರಿನ ದುಃಖ ಹೊಸದಲ್ಲ. ಗುಡ್ಡಗಳಾಚೆಗಿನ ಮುಳಶಿಯಲ್ಲಿ ಟಾಟಾ ಕಂಪೆನಿಯ ಅಣೆಕಟ್ಟಿಗೆ ನೆಲ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದ್ದರು. ಅದರ ನೇತೃತ್ವ ವಹಿಸಿದ ಪಾಂಡುರಂಗ ಬಾಪಟರಿಗೆ ಸೇನಾಪತಿಯೆಂಬ ಬಿರುದು ಬಂದದ್ದು ಅಲ್ಲಿಯೇ. ಪವನೆಯ ವಿಷಯದಲ್ಲಿಯಾದರೋ, ಅಣೆಕಟ್ಟೆಯಿಂದ ನೇರವಾಗಿ ಪಿಂಪ್ರಿ ಚಿಂಚವಾಡಕ್ಕೆ ಮುಚ್ಚಿದ ಕೊಳವೆಯಲ್ಲಿ ನೀರು ಒಯ್ಯುವ ಯೋಜನೆ ಬಂದಾಗ, ನದಿ ಬತ್ತಿದರೆ ತಮ್ಮ ಹೊಲಗಳ ಗತಿಯೇನೆಂದು ರೈತರು ಎದ್ದರು. 9 ಆಗಸ್ಟ್ 2011ರಂದು ಮುಂಬಯಿ ಪುಣೆ ವೇಗದ ಹೆದ್ದಾರಿಯನ್ನು ಅವರು ತಡೆದಾಗ ಪೋಲೀಸರ ಗೋಲೀಬಾರಿಗೆ ಮೂವರು ಬಲಿಯಾದರು. ಯೋಜನೆ ಹಲವು ವರ್ಷಗಳ ಕಾಲ ನಿಂತುಹೋಯಿತು. ಆ ಹೆದ್ದಾರಿಯಲ್ಲಿ ನಮ್ಮ ಸಂಘಗಳ ಬಸ್ಸುಗಳು ಎಷ್ಟು ಸಲ ಓಡಿಲ್ಲ! ಕಿಟಕಿಯಿಂದ ಕಾಣುವ ಹಸಿರು ಗದ್ದೆಯ ಸಂಗತಿಯನ್ನು ಒಮ್ಮೆಯೂ ವಿಚಾರಿಸಿದವರಲ್ಲ ನಾವು. ನೀರು ಬೇಡಿದ ನಗರದಲ್ಲಿಯೂ ನಮ್ಮವರಿದ್ದಾರೆ. ಆದಕಾರಣ ಇದರಲ್ಲಿ ಒಂದು ಪಕ್ಷ ಹಿಡಿದು ತೀರ್ಪು ಕೊಡುವ ಧೈರ್ಯ ನಮಗಿಲ್ಲ.

ಆದರೆ ನೀರಿಗಿಳಿಯುವ ವಿಷಯದಲ್ಲಿ ನಾಲ್ಕು ಮಾತು ಹೇಳಲು ಸಂಕೋಚಪಡಬೇಕಾಗಿಲ್ಲ. 30 ಜೂನ್ 2024ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐವರು ಕೊಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಅದರ ಬೆನ್ನಲ್ಲಿ ಜಿಲ್ಲಾಡಳಿತವು ಮಳೆಗಾಲದ ಪ್ರವಾಸಿಗಳಿಗೆ ನಿರ್ಬಂಧಗಳನ್ನು ವಿಧಿಸಿತು. ಮಳೆಯ ನೀರಿಗೆ ಎಲ್ಲರೂ ಅಂಜುತ್ತಾರೆ, ನಿಂತ ನೀರಿಗೆ ಅಂಜುವವರು ಕಡಿಮೆ. ಕಡಲತೀರದಿಂದ ಬಂದ ನಮ್ಮವರಿಗಂತೂ ಈಜಿನ ಅಭಿಮಾನ ಬೇರೆ. ಸಮುದ್ರದ ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಆದುದರಿಂದ ಅಲ್ಲಿ ತೇಲಿದ ಮೈ ಇಲ್ಲಿ ಅಷ್ಟು ಸುಲಭವಾಗಿ ತೇಲದು. ಜಲಾಶಯದ ತಳ ಹೊಳೆಯ ಮರಳಲ್ಲ. ಅದು ಮುಳುಗಿದ ಹೊಲ. ಅಲ್ಲಿ ಬದುವಿದೆ, ಕಾಲುವೆಯಿದೆ, ಕಡಿದ ಮರದ ಬೊಡ್ಡೆಯಿದೆ, ಕಾಲು ಹುಗಿಯುವ ಹೂಳಿದೆ, ಬಾವಿಯಿದೆ. ಚಳಿಗಾಲದಲ್ಲಿ ತಣ್ಣೀರು ಒಮ್ಮೆಗೇ ಮೈಗೆ ತಾಗಿದರೆ ನುರಿತ ಈಜುಗಾರನಿಗೂ ಉಸಿರು ಕಟ್ಟುತ್ತದೆ. ಮದ್ಯಪಾನ ಮಾಡಿದವನ ಮಾತಂತೂ ಬೇಡವೇ ಬೇಡ. ಯಾರಾದರೂ ಮುಳುಗುತ್ತಿರುವುದನ್ನು ಕಂಡರೆ ಹಾರಿಬಿಡುವುದು ಎರಡನೆಯ ಹೆಣಕ್ಕೆ ದಾರಿ. ಹಗ್ಗ, ಸೀರೆ, ಕೋಲು ಯಾವುದನ್ನಾದರೂ ದಡದಿಂದಲೇ ನೀಡಬೇಕು. ಬಾಯಿ ಬಿಗಿದ ಖಾಲಿ ನೀರಿನ ಡಬ್ಬಿಯೊಂದನ್ನು ಎಸೆದರೂ ಮನುಷ್ಯನನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತದೆ. ಹೊರಗೆ ತಂದಮೇಲೆ ಹೊಟ್ಟೆ ಒತ್ತಿ ನೀರು ಕಕ್ಕಿಸುವ ಹಳೆಯ ಪದ್ಧತಿಯನ್ನು ವೈದ್ಯರು ಒಪ್ಪುವುದಿಲ್ಲ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬಿ, ಎದೆಯ ನಡುವೆ ಒತ್ತುತ್ತಿರಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಈ ವಿದ್ಯೆಯನ್ನು ನಮ್ಮ ಸಂಘಗಳು ವರ್ಷಕ್ಕೊಮ್ಮೆ ಕಲಿಸಿದರೆ, ಸನ್ಮಾನ ಸಮಾರಂಭಗಳಲ್ಲಿ ಒಂದೆರಡು ಕಡಿಮೆಯಾದರೂ ಯಾರಿಗೂ ನಷ್ಟವಾಗದು.

ಬೆಳಿಗ್ಗೆ ಎದ್ದಾಗ ನೀರಿನ ಮೇಲೆ ಮಂಜು ಹಾಸಿತ್ತು. ತಿಕೋನಾದ ನೆತ್ತಿ ಮಾತ್ರ ಅದರ ಮೇಲೆ ದ್ವೀಪದಂತೆ ಕಾಣುತ್ತಿತ್ತು. ತರುಣರು ಸುಮಾರು 3,500 ಅಡಿ ಎತ್ತರದ ಆ ದುರ್ಗವನ್ನು ಹತ್ತುವೆವೆಂದು ಹೋಗಿ, ಕಡಿದಾದ ಮೆಟ್ಟಿಲುಗಳನ್ನು ಹೊಗಳುತ್ತ, ಮಂಡಿಗಳನ್ನು ಶಪಿಸುತ್ತ ಹನ್ನೊಂದಕ್ಕೆ ಮರಳಿದರು. ಬೇಡಸೆಯ ಬೌದ್ಧ ಗುಹೆಗಳನ್ನು ನೋಡುವ ಆಸೆ ಈ ಸಲ ಈಡೇರಲಿಲ್ಲ. ಎರಡು ಸಾವಿರ ವರ್ಷಗಳಿಂದ ಕಾದಿರುವ ಕಂಬಗಳು ಇನ್ನೊಂದು ಶನಿವಾರದವರೆಗೆ ಕಾಯಲಾರವೇ!

ಹೋಟೆಲಿನ ಮಾಲಿಕರು ಮಾತ್ರ ಎಲ್ಲಿಯೋ ಕಾಣೆಯಾಗಿದ್ದರು. ಹತ್ತರ ಸುಮಾರಿಗೆ ಪವನಾನಗರದಿಂದ ಜೀಪಿನಲ್ಲಿ ಬಂದಿಳಿದರು. ಜೀಪಿನ ತಲೆಯ ಮೇಲೆ ಎರಡು ಆಳಿನುದ್ದದ ಕಬ್ಬಿಣದ ಕೊಳವೆ ಕಟ್ಟಿತ್ತು. ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. “ಬಿದಿರಾದರೆ ಸುಡುತ್ತಾರೆ. ಇದನ್ನು ಸುಡುವುದು ಹೇಗೆ ನೋಡುವ” ಎಂದರು. ಬಿಡಾರದ ಯಜಮಾನನು ಮೊದಲು ಮುಖ ಸಿಂಡರಿಸಿದನು. ಅಂಥ ಗುರುತು ಕಂಡರೆ ಗಿರಾಕಿಗಳು ಹೆದರುತ್ತಾರೆಂಬುದು ಅವನ ಚಿಂತೆ. ಬೆಳಗಾವಿಯ ಮಹಿಳೆ ಅವನಿಗೆ ಮರಾಠಿಯಲ್ಲಿ ಏನೋ ಹೇಳಿದರು. ಅದನ್ನು ನಾವು ಕೇಳಿಸಿಕೊಂಡೆವಾದರೂ ಇಲ್ಲಿ ಬರೆಯುವುದು ಸಭ್ಯವಲ್ಲ. ಆಮೇಲೆ ಅವನೇ ಸುತ್ತಿಗೆ ತಂದನು. ಒಳ್ಳೆಯ ಲೈಫ್ ಜಾಕೆಟ್ಟನ್ನು ಕಾಕಾರವರಿಗೆ ತೊಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ತಾನೇ ಹಿಡಿದು ನಿಂತನು. ಕಾಕಾ ಕೋಲಿನಿಂದ ತಡವಿ ಬಾವಿಯ ಕಟ್ಟೆಯ ಹೊರಗಣ ಅಂಚನ್ನು ತೋರಿಸಿದರು. ಕೊಳವೆ ಹೂಳಿನಲ್ಲಿ ಸಲೀಸಾಗಿ ಇಳಿದು, ಕೆಳಗೆಲ್ಲೋ ಹಳೆಯ ಗಟ್ಟಿ ನೆಲಕ್ಕೆ ತಾಗಿ ಠಣ್ ಎಂದು ನಿಂತಿತು.

ಹೊರಡುವಾಗ ಕಾಕಾರವರ ಸೊಸೆ ಪಿಠಲಾ ಭಾಕರಿ ಮಾಡಿ ಕಟ್ಟಿಕೊಟ್ಟರು. ನಾವು ಅವರಿಂದ ಇಂದ್ರಾಯಣಿ ಅಕ್ಕಿ ಐದೈದು ಕಿಲೋ ಕೊಂಡೆವು, ಮೇಲಿನ ಹೊಲದ್ದು. ಒಂಬತ್ತು ವರುಷದ ಹುಡುಗನು ಕಾಕಾರವರ ಹತ್ತಿರ ಹೋಗಿ, ಹರಕುಮುರುಕು ಮರಾಠಿಯಲ್ಲಿ, “ಆಜೋಬಾ, ಆ ಬಾವಿಯ ನೀರು ಸಿಹಿಯೋ?” ಎಂದು ಕೇಳಿದನು.

“ಬಹಳ ಸಿಹಿ” ಎಂದರು ಕಾಕಾ. “ಮೇ ತಿಂಗಳಲ್ಲಿ ಬಾ. ಸರೋವರ ಹಿಂದೆ ಸರಿದಿರುತ್ತದೆ, ಕಟ್ಟೆ ಪೂರ್ತಿ ಕಾಣುತ್ತದೆ. ಹಗ್ಗ ಕೊಡ ಇಟ್ಟಿದ್ದೇನೆ. ಸೇದಿ ಕುಡಿಯುವೆಯಂತೆ.”

ಕಾಮಶೇತಿನಲ್ಲಿ ಲೋಕಲ್ ಬರುವುದಕ್ಕೆ ಇನ್ನೂ ಇಪ್ಪತ್ತು ಮಿನಿಟು ಇತ್ತು. ಹುಡುಗನ ತಾಯಿ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಶನಿವಾರಗಳನ್ನು ನೋಡುತ್ತ ಕೂತಿದ್ದರು.